ಪಕ್ಕದ ಮನೆ ಬುಕ್ ಆಗಿದೆ

ಸಂಜೆ ಆರಕ್ಕೆ ಶುರುವಾದ ಮಳೆ ಎಂಟಾದರೂ ಬಿಟ್ಟಿರಲಿಲ್ಲ. ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕ ಮೂರು ಮನೆಗಳ ನಕ್ಷೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಒಂದು, ಊರಂಚಿನಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಸಾಲುಮನೆ. ಇನ್ನೊಂದು, ಹೆದ್ದಾರಿ ದಾಟಿದ ಮೇಲೆ ಸಿಗುವ, ಕೆಳಗೆರಡು ಮೇಲೆರಡು ಕೋಣೆಗಳ ಕಿರಿದಾದ ಮನೆ. ಮೂರನೆಯದು ರೈಲು ಹಳಿಯ ಆಚೆಯ ಬಡಾವಣೆಯದು. ಅಲ್ಲಿ ಎಲ್ಲವೂ ಒಂದೇ ಅಂತಸ್ತಿನ ಮನೆಗಳು. ಯಾವುದಕ್ಕೂ ಕಾಂಪೌಂಡ್ ಇಲ್ಲ. ಹದಿನಾಲ್ಕು ಮನೆಗಳು ಸುತ್ತುವರಿದು ನಿಂತು ನಡುವೆ ಎಲ್ಲರಿಗೂ ಸೇರಿದ ಒಂದು ಹುಲ್ಲುಬಯಲು. ಅಕ್ಕನ ಮನಸ್ಸು ಆ ಮೂರನೆಯದರ ಮೇಲಿತ್ತು. ನಾಲ್ಕು ವರ್ಷದ ಮಗಳು ಆ ಬಯಲಿನಲ್ಲಿ ಒಬ್ಬಳೇ ಆಡಿಕೊಂಡಿರಬಹುದು, ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿರುತ್ತಾಳೆ ಎಂಬುದು ಅವಳ ವಾದ. ಭಾವ ಸಾಲುಮನೆಯ ಪರ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಯಾವುದಾದರೂ ಒಂದಕ್ಕೆ ಹೂಂ ಅನ್ನಬೇಕಿತ್ತು. ಹೂಂ ಅಂದ ಮೇಲೆ ಮಗು ಬೆಳೆದು ದೊಡ್ಡವಳಾಗುವವರೆಗೂ ಅಲ್ಲೇ.

ನಾನು ಬಾಗಿಲಿಗೆ ಒರಗಿ ಕೂತಿದ್ದೆ. ವಾದದ ನಡುವೆ ಅಕ್ಕ ತಲೆಯೆತ್ತಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ದೊಡ್ಡಪ್ಪನನ್ನು ಕೇಳಿದಳು.

“ನೀವೇ ಹೇಳಿ ದೊಡ್ಡಪ್ಪ. ಇಷ್ಟು ವರ್ಷ ಊರಿಗೆಲ್ಲ ಮನೆ ಕೊಡಿಸಿದ್ದೀರಿ.”

ದೊಡ್ಡಪ್ಪ ನಮ್ಮ ಅಪ್ಪನ ಅಣ್ಣ. ಮೂವತ್ತೊಂದು ವರ್ಷ ಹೊರವಲಯದ ಬಡಾವಣೆಗಳಲ್ಲಿ ಮನೆ ತೋರಿಸಿ ಮಾರಿದ ಬ್ರೋಕರ್. ಕೆಲಸ ಬಿಟ್ಟ ಮೇಲೆ ಆ ಬಗ್ಗೆ ಒಂದು ಮಾತೂ ಆಡಿದವರಲ್ಲ. ಭಾವ ನಕ್ಕು, “ಮಾವನ್ನ ಕೇಳಿದ್ರೆ ಮೂರನ್ನೂ ಮಾರಿಬಿಡ್ತಾರೆ, ಹುಷಾರು” ಅಂದ. ದೊಡ್ಡಪ್ಪನೂ ಸ್ವಲ್ಪ ನಕ್ಕರು. ಆಮೇಲೆ ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಮ್ಮ ಕಡೆ ತಿರುಗಿ ಕೂತರು. ಅವರ ಮುಖದಲ್ಲಿ ಯಾವ ವಿಶೇಷವೂ ಇರಲಿಲ್ಲ. ರಸ್ತೆಯ ಗುರುತು ಹೇಳುವವರ ಹಾಗೆ ಹೇಳತೊಡಗಿದರು.

“ಮನೆ ಕಟ್ಟಿ ನೋಡು ಅಂದ ಹಿರಿಯರು ಕೊಂಡು ನೋಡು ಅಂತ ಯಾಕೆ ಹೇಳಲಿಲ್ಲ ಗೊತ್ತಾ? ಅವರ ಕಾಲದಲ್ಲಿ ನನ್ನಂಥೋರು ಇರಲಿಲ್ಲ, ಅದಕ್ಕೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ... ಮನೆ ಮಾರೋಕೆ ಅಷ್ಟೆಲ್ಲ ಬೇಡ, ಒಂದೇ ಸಾಕು. ಯಾವುದು ಹೇಳಿ? ನೀರಿನ ಬಗ್ಗೆ ಸುಳ್ಳು ಹೇಳಿದ್ರೆ ನಲ್ಲಿ ತಿರುಗಿಸಿ ನೋಡ್ತಾರೆ, ಬಸ್ಸಿನ ಬಗ್ಗೆ ಹೇಳಿದ್ರೆ ಸ್ಟಾಪಲ್ಲಿ ನಿಂತು ನೋಡ್ತಾರೆ, ಗೋಡೆ ತಟ್ತಾರೆ, ಕಿಟಕಿ ಎಳೀತಾರೆ... ಆದ್ರೆ ಹೊಸ ಬಡಾವಣೆಲಿ ಪಕ್ಕದ ಮನೆ ಇನ್ನೂ ಖಾಲಿ ಇರುತ್ತಲ್ಲ, ಅಲ್ಲಿಗೆ ಎಂಥೋರು ಬರ್ತಾರೆ ಅನ್ನೋದನ್ನ ಏನು ತಟ್ಟಿ ನೋಡ್ತೀಯಮ್ಮ? ‘ಪಕ್ಕದ್ದು ಆಗಲೇ ಬುಕ್ ಆಗಿದೆ ಸಾರ್, ಬಹಳ ಒಳ್ಳೇ ಜನ.’ ನಮ್ಮ ಕಸುಬಿನಲ್ಲಿ ಎಲ್ಲರೂ ಹೇಳೋ ಮಾತು ಇದು. ಉಳಿದೋರು ಅಷ್ಟಕ್ಕೇ ನಿಲ್ಲಿಸ್ತಿದ್ರು. ನಾನು ನಿಲ್ಲಿಸ್ತಿರಲಿಲ್ಲ. ಬಂದವರ ಮುಖ ನೋಡಿ, ಇವರಿಗೆ ಏನು ಕೊರತೆ, ಇವರಿಗೆ ಏನು ಭಯ ಅಂತ ಲೆಕ್ಕ ಹಾಕಿ, ಅದಕ್ಕೆ ತಕ್ಕ ಒಬ್ಬರನ್ನ ಪಕ್ಕದ ಮನೆಲಿ ಕೂರಿಸ್ತಿದ್ದೆ. ಬರೀ ಬಾಯಲ್ಲಿ... ಕೈಯಿಂದ ಒಂದು ಇಟ್ಟಿಗೆ ಇಟ್ಟವನಲ್ಲ ನಾನು.

“ಒಂದು ದಿನ ಒಬ್ಬ ರೇಡಿಯೊ ರಿಪೇರಿಯವನು ಬಂದ, ಹೆಂಡತಿ ಜೊತೆ. ಅವಳು ಟೆಲಿಫೋನ್ ಆಫೀಸಲ್ಲಿ ಆಪರೇಟರ್, ಶಿಫ್ಟ್ ಕೆಲಸ. ಅವನು ಮನೇಲೇ ಮೇಜು ಹಾಕ್ಕೊಂಡು ಕೆಲಸ ಮಾಡೋನು. ಅವನಿಗೆ ಫಿಟ್ಸ್ ಇತ್ತು... ಯಾವಾಗ ಬರುತ್ತೆ ಅಂತ ಹೇಳೋ ಹಾಗಿಲ್ಲ, ಬಂದ್ರೆ ಬಿದ್ದುಬಿಡ್ತಿದ್ದ. ನಮ್ಮ ಬಡಾವಣೆಲಿ ಆಗ ಇಪ್ಪತ್ತು ಮನೆ ಎದ್ದಿತ್ತು, ಮೂರಕ್ಕೆ ಜನ ಬಂದಿದ್ರು, ಬಸ್ಸಿನ ಕೊನೇ ಸ್ಟಾಪಿಂದ ಹತ್ತು ನಿಮಿಷ ನಡೀಬೇಕು. ಗಾಳಿ ಬೆಳಕು ನೋಡಿ ಅವನಿಗೆ ಇಷ್ಟ ಆಯ್ತು. ಅವಳಿಗೆ ಇಲ್ಲ. ಅವಳು ಊರೊಳಗಿನ ಒಂದು ಸಾಲುಮನೆ ನೋಡಿ ಬಂದಿದ್ಲು, ಇದೇ ಅಳಿಯಂದಿರು ಹೇಳ್ತಾರಲ್ಲ, ಗೋಡೆಗೆ ಗೋಡೆ. ಎಲ್ಲರೂ ಅಂಥ ಮನೆ ಬೇಡ ಅನ್ನೋದೇ ಪಕ್ಕದವರ ಸದ್ದು ಕೇಳುತ್ತೆ ಅಂತ. ಇವಳಿಗೆ ಆ ಸದ್ದೇ ಬೇಕಿತ್ತು. ನಾನಿಲ್ಲದಾಗ ಇವರು ಬಿದ್ರೆ ಗೋಡೆ ಆಚೆಯವರಿಗಾದ್ರೂ ಕೇಳುತ್ತೆ, ಇಲ್ಲಿ ಯಾರಿಗೆ ಕೇಳುತ್ತೆ ಅಂದ್ಲು. ಆಮೇಲೆ ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದ್ಲು... ‘ಪಕ್ಕದ ಮನೆಗೆ ಯಾರು ಬರ್ತಾರೆ?’

“ನಾನು ಉಗುಳು ನುಂಗೋಷ್ಟು ಹೊತ್ತೂ ತಗೊಳ್ಳಲಿಲ್ಲ. ರಿಟೈರ್ಡ್ ನರ್ಸಮ್ಮ, ಅಂದೆ. ಒಬ್ಬರೇ ಇರೋದು, ಹೊರಗೆಲ್ಲೂ ಹೋಗಲ್ಲ. ಬೂದಿ ಬಣ್ಣದ ಸ್ವೆಟರ್ ಹಾಕ್ತಾರೆ, ಎಡಗಾಲು ಸ್ವಲ್ಪ ಎಳೀತಾರೆ. ಕದ ಎರಡೇ ಸಲ ತಟ್ಟೋದು, ನೀವು ಬನ್ನಿ ಅನ್ನೋಕೆ ಮುಂಚೆ ಒಳಗೆ ಬಂದುಬಿಡ್ತಾರೆ, ಅದೊಂದು ಅವರ ಕೆಟ್ಟ ಅಭ್ಯಾಸ ಅಂದೆ. ಒಳ್ಳೇ ಗುಣ ಹೇಳಿದ್ರೆ ಜನ ಅನುಮಾನ ಪಡ್ತಾರೆ, ಒಂದು ಕೆಟ್ಟ ಅಭ್ಯಾಸ ಸೇರಿಸಿದ್ರೆ ನಂಬ್ತಾರೆ... ಅವಳು ಆ ಖಾಲಿ ಮನೆ ಬಾಗಿಲನ್ನ ಎಷ್ಟು ಹೊತ್ತು ನೋಡಿದ್ಲು ಅಂತೀರಿ. ಆಮೇಲೆ ಹೂಂ ಅಂದ್ಲು.

“ಅವರು ಬಂದು ಸೇರಿಕೊಂಡ್ರು. ಪಕ್ಕದ ಮನೆ ಖಾಲಿ. ನಾನು ಆ ರಸ್ತೆಗೇ ಹೋಗ್ತಿರಲಿಲ್ಲ, ಬೇರೆಯವರಿಗೆ ತೋರಿಸಬೇಕಾದ್ರೆ ಹಿಂದಿನ ದಾರಿಲಿ ಸುತ್ತಿ ಹೋಗ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಗೇಟಲ್ಲಿ ನಿಂತಿದ್ದೋಳು ನನ್ನ ನೋಡಿಬಿಟ್ಲು. ಕರೆದ್ಲು. ಬೈಸಿಕೊಳ್ಳೋಣ ಅಂತಾನೇ ಹೋದೆ... ಕಸುಬಿನಲ್ಲಿ ಅದೂ ಒಂದು ಭಾಗ. ಅವಳು ಕೈ ಮುಗಿದ್ಲು. ನಿಮ್ಮಿಂದ ನಮ್ಮ ಮನೆ ದೀಪ ಉಳೀತು ಅಂದ್ಲು. ಹಿಂದಿನ ವಾರ ಅವಳು ಕೆಲಸಕ್ಕೆ ಹೋಗಿದ್ದಾಗ ಗಂಡ ಮೇಜಿನ ಹತ್ತಿರ ಬಿದ್ದಿದಾನೆ, ಕೈಲಿ ಕಾದ ಬೆಸುಗೆ ಕಡ್ಡಿ. ಬಂದು ನೋಡಿದ್ರೆ ಅವನನ್ನ ಯಾರೋ ಮಗ್ಗುಲಿಗೆ ತಿರುಗಿಸಿ ಮಲಗಿಸಿದಾರೆ, ತಲೆ ಕೆಳಗೆ ಮಡಿಸಿದ ಬಟ್ಟೆ, ಕಡ್ಡಿಯ ಸ್ವಿಚ್ ಆರಿಸಿದೆ, ಪಕ್ಕದ ಮನೆಯಮ್ಮ ಗೋಡೆ ಹಿಡಕೊಂಡು ನಿಂತಿದಾರೆ. ‘ನೀವು ಹೇಳಿದ ಹಾಗೇ ಇದಾರೆ ನೋಡಿ. ಎರಡು ಸಲ ತಟ್ತಾರೆ, ಒಳಗೆ ಬಂದುಬಿಡ್ತಾರೆ’ ಅಂತ ನಕ್ಕಳು. ಆಮೇಲೆ ಸ್ವಲ್ಪ ದನಿ ಇಳಿಸಿ... ‘ಒಂದೇ ಬೇಜಾರು. ಕೂತ್ಕೊಳ್ಳಿ ಅಂದ್ರೆ ಕೂರಲ್ಲ. ನಿಮ್ಮ ಹೆಸರೇನು ಅಂತ ಕೇಳಿದ್ರೆ ಬಾಯಿ ತೆರೀತಾರೆ, ಏನೂ ಬರಲ್ಲ’ ಅಂದ್ಲು.

“ಹೆಸರು ನಾನು ಇಟ್ಟಿರಲಿಲ್ಲ.”

ದೊಡ್ಡಪ್ಪ ಟೀ ಲೋಟ ಎತ್ತಿ ಒಂದು ಗುಟುಕು ಕುಡಿದರು. ಹೊರಗೆ ಯಾರದೋ ಸ್ಕೂಟರ್ ನೀರು ಸೀಳಿಕೊಂಡು ಹೋಯಿತು. ಅಕ್ಕ ನಕ್ಷೆಗಳನ್ನು ಮರೆತು, ಮೊಣಕಾಲಿನ ಮೇಲೆ ಗಲ್ಲ ಇಟ್ಟು ಅವರನ್ನೇ ನೋಡುತ್ತಿದ್ದಳು.

“ಆ ಮನೆಯ ಬೀಗದ ಕೈ ನನ್ನ ಜೇಬಲ್ಲೇ ಇತ್ತು. ತೆಗೆದು ಒಳಗೆ ಹೋದೆ. ಕರೆಂಟಿಲ್ಲ, ನಲ್ಲಿಗೆ ನೀರಿನ ಸಂಪರ್ಕ ಇಲ್ಲ, ನೆಲದ ಮೇಲೆ ಒಂದು ಬೆರಳು ದಪ್ಪ ಸಿಮೆಂಟಿನ ಧೂಳು. ಧೂಳಲ್ಲಿ ಹೆಜ್ಜೆ ಇತ್ತು... ಒಂದು ಪಾದದ ಗುರುತು, ಪಕ್ಕದಲ್ಲಿ ಎಳೆದ ಗೆರೆ, ಮತ್ತೆ ಪಾದ, ಮತ್ತೆ ಗೆರೆ. ರೇಡಿಯೊದವನ ಮನೆ ಕಡೆ ಇರೋ ಬಾಗಿಲವರೆಗೆ ಹೋಗಿತ್ತು. ಎಲ್ಲಿಂದ ಹೊರಟಿದೆ ಅಂತ ಹಿಂದೆ ನೋಡ್ಕೊಂಡು ಹೋದೆ. ಎಲ್ಲಿಂದ ಹೊರಟಿತ್ತು ಹೇಳಿ? ಬಾಗಿಲಿಂದ ಅಲ್ಲ, ಇನ್ನೊಂದು ಕೋಣೆಯಿಂದ ಅಲ್ಲ... ನಡುಮನೆಯ ಮಧ್ಯದಿಂದ. ಅದರ ಹಿಂದೆ ಬರೀ ಧೂಳು, ಯಾರೂ ಮುಟ್ಟದ ಧೂಳು.

“ನನಗೆ ಭಯ ಆಯ್ತಾ ಅಂತ ಕೇಳಬೇಡಿ. ನಾನು ಮೊದಲು ಮಾಡಿದ ಯೋಚನೆ, ಈ ಮನೆ ಇನ್ನು ಮಾರೋ ಹಾಗಿಲ್ಲವಲ್ಲ ಅಂತ. ಮಾರಿದ್ರೆ ಆಯಮ್ಮ ಎಲ್ಲಿರ್ತಾಳೆ? ಅವಳು ಹೋದ್ರೆ ಅವನ ಗತಿ? ಕೊಳ್ಳೋಕೆ ಬಂದವರಿಗೆಲ್ಲ ಅಡಿಪಾಯ ಕುಸಿದಿದೆ ಅಂತ ನಾನೇ ಹೇಳಿ ಕಳಿಸ್ತಿದ್ದೆ. ಕಟ್ಟಿಸಿದವನು ನನ್ನನ್ನ ಬೈದು ಬೈದು ಕೊನೆಗೆ ಆ ಮನೆ ಆಸೆ ಬಿಟ್ಟ. ಇವತ್ತಿಗೂ ಖಾಲಿ ಇದೆ. ರೇಡಿಯೊದವನು ಗಟ್ಟಿಯಾಗಿದಾನೆ, ತಲೆ ಪೂರ್ತಿ ಬೆಳ್ಳಗಾಗಿದೆ.”

ಭಾವ ಗಂಟಲು ಸರಿಮಾಡಿಕೊಂಡ. “ಹಾಗಾದ್ರೆ ನಮಗೂ ಒಬ್ಬರನ್ನ ಹೇಳಿಬಿಡಿ ಮಾವ. ಲೆಕ್ಕ ಹೇಳಿಕೊಡೋ ಮೇಷ್ಟ್ರು ಯಾರಾದ್ರೂ. ಟ್ಯೂಷನ್ ಖರ್ಚು ಉಳಿಯುತ್ತೆ.”

ಅಕ್ಕನಿಗೆ ನಗು ಬಂತು. ದೊಡ್ಡಪ್ಪನಿಗೆ ಬರಲಿಲ್ಲ.

“ಮೇಷ್ಟ್ರನ್ನ ಹೇಳಿದೀನಿ. ಯಾವ ಹೊತ್ತಲ್ಲಿ ಕರೆದ್ರೂ ಕಾರು ತೆಗೆಯೋ ಡ್ರೈವರನ್ನ ಹೇಳಿದೀನಿ, ತಾಯಿ ಇಲ್ಲದ ಒಬ್ಬ ಬಸುರಿಗೆ ಒಬ್ಬ ತಾಯಿಯಂಥೋಳನ್ನ ಹೇಳಿದೀನಿ... ಕೆಲಸ ಬಿಟ್ಟ ಮೇಲೆ ಒಂದೊಂದೇ ಬಡಾವಣೆಗೆ ಹೋಗಿ ನೋಡಿ ಬಂದೆ. ನಾನು ಹೇಳಿದೋರು ಎಲ್ಲರೂ ಇಲ್ಲ. ಸುಮ್ಮನೆ ಕೇಳಿ ಹೂಂ ಅಂದವರ ಪಕ್ಕದಲ್ಲಿ ಯಾರೂ ಇಲ್ಲ. ಯಾರು ನನ್ನ ಮಾತನ್ನ ಪ್ರಾಣ ಹಿಡ್ಕೊಂಡು ಕೇಳಿದ್ರೋ, ಅವರ ಪಕ್ಕದಲ್ಲಿ ಇದಾರೆ. ಆದ್ರೆ ಜನ ಪ್ರಾಣ ಹಿಡ್ಕೊಂಡು ಕೇಳೋದು ಬೇಕಾದ್ದನ್ನ ಮಾತ್ರ ಅಲ್ಲವಲ್ಲಮ್ಮ... ಭಯ ಪಡೋದನ್ನೂ ಹಾಗೇ ಕೇಳ್ತಾರೆ.

“ಒಂದು ಕಾಲಕ್ಕೆ ನನ್ನ ಗಿರಾಕಿಗಳೆಲ್ಲ ಬೇರೆ ಕಡೆ ಹೋಗೋಕೆ ಶುರು ಮಾಡಿದ್ರು. ಅಲ್ಲಿ ಹೊಸ ಥರದ ಮನೆ, ಕಾಂಪೌಂಡಿಲ್ಲ, ಮಕ್ಕಳಿಗೆ ಆಡೋಕೆ ಜಾಗ. ಆ ಮನೆಗಳನ್ನ ಮಾರ್ತಿದ್ದೋನು ನನ್ನ ಎದುರಾಳಿ. ಎರಡು ಹೆಣ್ಣುಮಕ್ಕಳಿದ್ದ ಒಬ್ಬ ತಾಯಿ, ಇನ್ನೇನು ಅಲ್ಲಿಗೇ ಹೂಂ ಅಂತಾಳೆ ಅನ್ನೋ ಹೊತ್ತಿಗೆ ನಾನು ಹೇಳಿದೆ... ಜಾಗ ಬಂಗಾರ, ಆ ಕೊನೇ ಮನೆಯವನೊಬ್ಬನನ್ನ ಬಿಟ್ರೆ. ಯಾರವನು ಅಂದ್ಲು. ಒಬ್ಬನೇ ಇರ್ತಾನೆ, ಅಂದೆ. ಕಿಟಕಿಲಿ ನಿಂತು ಬಯಲನ್ನೇ ನೋಡ್ತಿರ್ತಾನೆ. ಮಕ್ಕಳ ಗುಂಪು ಇದ್ರೆ ಹೊರಗೆ ಬರಲ್ಲ, ಒಂದೇ ಮಗು ಇದ್ರೆ ಮಾತ್ರ ಬಾಗಿಲು ತೆಗೀತಾನೆ ಅಂದೆ. ಅವಳ ಮುಖ ನೋಡಬೇಕಿತ್ತು ನೀವು... ಅಷ್ಟು ನಂಬಿಕೆಯಿಂದ ನನ್ನ ಮಾತನ್ನ ಆ ನರ್ಸಮ್ಮನ ಕಾಲದಲ್ಲೂ ಯಾರೂ ಕೇಳಿರಲಿಲ್ಲ.”

ಅಕ್ಕನ ಕೈ ಅವಳಿಗೆ ಗೊತ್ತಿಲ್ಲದೆ ಮೂರನೆಯ ನಕ್ಷೆಯ ಮೇಲೆ ಬಂದು ನಿಂತಿತ್ತು. “ರೈಲು ಹಳಿ ಆಚೆನಾ?” ಅಂದಳು.

ದೊಡ್ಡಪ್ಪ ಹೌದೆಂದು ತಲೆಯಾಡಿಸಿದರು.

ಒಳಕೋಣೆಯಲ್ಲಿ ಮಗು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು. ಅಕ್ಕನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ, ಹಟವಿತ್ತು. ಹೇಳಿದ ಬಾಯಲ್ಲೇ ಅದನ್ನು ಅಳಿಸಬಹುದಲ್ಲ, ಅವನು ಮನೆ ಬಿಟ್ಟು ಹೋದ ಎಂದು ಇನ್ನೊಬ್ಬರಿಗೆ ಹೇಳಿದರೆ ಆಯಿತಲ್ಲ ಎಂದು ಕೇಳಿದಳು.

“ಹೇಳಿದೆನಮ್ಮ. ಐದಾರು ಜನಕ್ಕೆ ಹೇಳಿದೆ, ಆ ಬಯಲಲ್ಲೇ ನಿಂತು ಹೇಳಿದೆ. ಎಲ್ಲರೂ ಹೌದಾ ಅಂದು ಮುಂದೆ ಹೋದ್ರು. ಒಬ್ಬ ಕೆಟ್ಟವನು ಹೋದ ಅಂದ್ರೆ ಅದನ್ನ ಮನಸ್ಸಿಗೆ ತಗೊಳ್ಳೋರು ಯಾರು? ಇದಾನೆ ಅಂದ್ರೆ ಮಾತ್ರ...”

“ಹೋಗಲಿ,” ಎಂದ ಭಾವ. ಅವನು ನಂಬುವವನಲ್ಲ, ಆದರೂ ಒಳಕೋಣೆಯ ಕಡೆ ಒಮ್ಮೆ ನೋಡಿಕೊಂಡೇ ಕೇಳಿದ. “ಬಾಗಿಲು ತೆಗೆದು ಏನು ಮಾಡ್ತಾನೆ ಅವನು?”

ದೊಡ್ಡಪ್ಪ ಕಿಟಕಿಯ ಹೊರಗಿನ ಕತ್ತಲನ್ನು ನೋಡುತ್ತ ಹೇಳಿದರು:

“ಅದನ್ನ ನಾನು ಹೇಳಲೇ ಇಲ್ಲ ಅಳಿಯಂದಿರೇ. ಹೇಳೋಕೆ ಮುಂಚೆ ಆ ತಾಯಿ ಮಕ್ಕಳ ಕೈ ಹಿಡ್ಕೊಂಡು ಹೊರಟುಬಿಟ್ಲು. ಹಾಗಾಗಿ ಅವನಿಗೂ ಗೊತ್ತಿಲ್ಲ... ಹೋದ ತಿಂಗಳು ನೋಡಿದೆ, ಕಿಟಕಿಲೇ ನಿಂತಿದಾನೆ. ಯಾರಾದ್ರೂ ಹೇಳಲಿ ಅಂತ ಕಾಯ್ತಿದಾನೆ, ಅಷ್ಟೆ. ಈಗ ನೀವು ಮೂರು ಜನಾನೂ ಒಳಗೊಳಗೇ ಏನೋ ಒಂದು ಅಂದ್ಕೊಂಡ್ರಲ್ಲ... ಅದನ್ನ ಬಾಯಿಬಿಟ್ಟು ಹೇಳಬೇಡಿ.”