ಹೊರಟ ಜಾಗ

ಹಲೋ… ಹಲೋ, ಯಾರು ಮಾತಾಡ್ತಿರೋದು?… ಯಾರು?… ಗೋದಾಮಿನ ಕಾವಲಿನವರಾ? ಹೇಳಿ ಅಣ್ಣಾ, ನಮ್ಮ ಅತ್ತೆ ಸಿಕ್ಕಿದ್ರಾ? ತೆಳ್ಳಗಿದಾರೆ, ಬೂದು ಬಣ್ಣದ ಸ್ವೆಟರು, ಎಂಬತ್ತು ದಾಟಿದೆ…

… ಓ, ಮಗಳಿಗೆ ಕೊಡ್ತೀರಾ. ಕೊಡಿ, ಕೊಡಿ.

… ಪುಟ್ಟೀ, ಎಲ್ಲಿದೀಯ? ನಿನ್ನ ಫೋನಿಗೆ ಎಷ್ಟು ಸಲ ಮಾಡಿದೆ ಗೊತ್ತಾ? ಬಡಕೊಂಡು ಬಡಕೊಂಡು ನಿಂತುಹೋಗುತ್ತೆ… ಹಾಂ?… ಡ್ರೋನಿನ ರಿಮೋಟಿಗೆ ಸಿಕ್ಕಿಸಿದೀಯಾ. ನಾನು ಮಾಡಿದಾಗಲೆಲ್ಲ ಪರದೆ ಮೇಲೆ ಅಮ್ಮ ಅಂತ ಬಂದು ಚಿತ್ರ ಮುಚ್ಚಿಹೋಗುತ್ತಾ? ಗೊತ್ತಿರಲಿಲ್ಲ ಕಣೇ. ಇನ್ನು ಆ ನಂಬರಿಗೆ ಮಾಡಲ್ಲ. ಸರಿಯಾದ ಹೊತ್ತಿಗೆ ಅಡ್ಡ ಬರ್ತಾಳೆ ಅಂತ ಬೈಕೊಂಡೆಯಾ?… ಬೈಕೋ, ಪರವಾಗಿಲ್ಲ.

… ಇಲ್ಲ, ಅಜ್ಜಿ ಇಲ್ಲಿಗೆ ಬಂದಿಲ್ಲ. ಬಂದಿದ್ರೆ ಮೊದಲು ಅದನ್ನೇ ಹೇಳ್ತಿರಲಿಲ್ವಾ? ಹನ್ನೊಂದಕ್ಕೆ ಹೋದವರು, ಈಗ ನಾಲ್ಕೂವರೆ. ನಿಮ್ಮಪ್ಪ ಠಾಣೆಗೆ ಹೋಗಿ ಹೇಳಿ, ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೋದ್ರು. ಅಲ್ಲೂ ಇಲ್ಲ. ನೀನು ಬಾಗಿಲು ಬಿಟ್ಟು ಕದಲಬೇಡ ಅಂತ ನನಗೆ ಹೇಳಿದಾರೆ, ಅವರಾಗೇ ವಾಪಸ್ ಬಂದ್ರೆ ಯಾರಾದ್ರೂ ಇರಬೇಕಲ್ಲ. ಕೂತಿದೀನಿ. ಕೂತಿರೋಕೆ ಆಗದೆ ಮನೇಲಿರೋ ಪಾತ್ರೆ ಎಲ್ಲ ತೊಳೆದೆ. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದೆ.

… ಕಾಲುವೆ ಪಕ್ಕ ನಿಂತಿದೀಯಾ. ಸರಿ… ಈಗ ಮೇಲಿದೆಯಾ ಅದು? ಏನು ಕಾಣ್ತಿದೆ?… ನೀರು. ನೀರಲ್ಲಿ?… ಏನದು ಕಪ್ಪಗಿರೋದು? ಪುಟ್ಟೀ, ಏನದು?… ಟೈರು. ಟೈರೇನಾ? ಕೆಳಗಿಳಿಸಿ ನೋಡಿದೆಯಾ? ಆ ಅಣ್ಣ ಏನಂತಾರೆ?… ಅವರೂ ಟೈರು ಅಂತಾರಾ. ಆಯ್ತು. ಒಂದು ನಿಮಿಷ ಇರು, ಒಂದು ಗುಟುಕು ನೀರು ಕುಡೀತೀನಿ.

… ಹಾಂ, ಹೇಳು. ಯಾಕೆ ಅಳ್ತಿದೀಯ?… ಕೈ ನಡುಗ್ತಿದೆಯಾ. ನಿನ್ನ ಕೈ ನಡುಗಿದ್ರೆ ಅದೂ ಆಕಾಶದಲ್ಲಿ ನಡುಗುತ್ತೆ ಅಂತ ಅಂಗಡಿಯವನು ಹೇಳಿರಲಿಲ್ವಾ? ಎರಡು ಹೆಬ್ಬೆರಳೂ ರಿಮೋಟಿನ ಕಡ್ಡಿ ಮೇಲಿಂದ ತೆಗಿ. ಪೂರ್ತಿ ತೆಗಿ. ಬೀಳಲ್ಲ, ಇದ್ದಲ್ಲೇ ನಿಲ್ಲುತ್ತೆ. ನಿಂತಿತಾ?… ನೋಡು. ಕೈ ಬಿಟ್ರೆ ಇದ್ದಲ್ಲೇ ನಿಲ್ಲೋದು ಈ ಲೋಕದಲ್ಲಿ ಅದೊಂದೇ. ಮಕ್ಕಳೂ ನಿಲ್ಲಲ್ಲ, ಮುದುಕರೂ ನಿಲ್ಲಲ್ಲ.

… ನನಗೆ ಹೇಗೆ ಗೊತ್ತು ಅಂದ್ರೆ? ಓದಿದೆ. ನೀನು ಪೆಟ್ಟಿಗೆ ಒಡೆದವಳೇ ಮೈದಾನಕ್ಕೆ ಓಡಿದೆ, ಅದರ ಪುಸ್ತಕ ಅಡುಗೆಮನೇಲೇ ಬಿತ್ತು. ನಾಲ್ಕು ದಿನದಿಂದ ಬೀನ್ಸ್ ನಾರು ತೆಗೀತಾ, ಬಟ್ಟೆ ಮಡಚ್ತಾ ಅದನ್ನೇ ಓದ್ತಿದೀನಿ. ಮಗಳು ಏನು ಹಾರಿಸ್ತಾಳೆ ಅಂತ ತಿಳಕೊಳ್ಳೋದು ಬೇಡ್ವಾ?

… ಗಾಳಿ ತಳ್ತಿದೆಯಾ?… ದೊಡ್ಡದಾಗಿದ್ರೆ ತಡಕೊಳ್ತಿತ್ತು ಅಂತೀಯಾ. ನಿಜ. ನೀನು ಅದೇ ಬೇಕು ಅಂದೆ, ಅದಕ್ಕೆ ಸುತ್ತ ಕಣ್ಣಿದೆ, ಗೋಡೆಗೆ ಬಡಿಯಲ್ಲ ಅಂದೆ. ನಾನೇ ಕಲಿಯೋ ಕೈಗೆ ಚಿಕ್ಕದು ಸಾಕು, ಬಿದ್ದು ಏಳಬೇಕು, ಮೂರು ಬ್ಯಾಟರಿ ಜೊತೆಗೆ ಬಿಡಿ ರೆಕ್ಕೆ ಎಲ್ಲ ಸಿಗುತ್ತೆ ಅಂತ ಹಠ ಹಿಡಿದೆ. ಬದನೆಕಾಯಿ ಆರಿಸಿದ ಹಾಗೆ ಆರಿಸ್ತೀಯಲ್ಲಮ್ಮ ಅಂತ ನೀನು ನಕ್ಕೆ. ನಿಮ್ಮ ಕಚೇರಿಯವರು ಕಟ್ಟಡದ ಚಿತ್ರ ಮೇಲಿಂದ ತೆಗೀಬೇಕು ಅಂದದ್ದಕ್ಕೆ ತಾನೇ ಕೊಂಡದ್ದು? ಅಜ್ಜಿನ ಹುಡುಕೋಕೆ ಅಂತ ಯಾರಿಗೆ ಗೊತ್ತಿತ್ತು… ಸ್ವಲ್ಪ ಕೆಳಗಿಳಿಸು. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗೆ, ಮೇಲೆ ನೀನೊಂದು ಕಡೆ, ಗಾಳಿ ಒಂದು ಕಡೆ. ಕೆಳಗೆ ಅಷ್ಟಿರಲ್ಲ.

… ಎಡಕ್ಕೆ ಒತ್ತಿದ್ರೆ ಬಲಕ್ಕೆ ಹೋಗ್ತಿದೆಯಾ? ಅದರ ಮೂತಿ ನಿನ್ನ ಕಡೆ ತಿರುಗಿದೆ. ಕನ್ನಡಿ ನೋಡ್ಕೊಂಡು ಬೈತಲೆ ತೆಗೆದ ಹಾಗೆ, ಎಲ್ಲ ಅದಲುಬದಲು. ಬಾಲ ನಿನ್ನ ಕಡೆ ಬರೋ ಹಾಗೆ ತಿರುಗಿಸ್ಕೋ. ನಿಧಾನ…

… ಏನಂದೆ?… ಪುಟ್ಟೀ, ಇಲ್ಲಿ ಕೇಳು. ಬಾಗಿಲ ಚಿಲಕ ನಿನ್ನಿಂದ ತೆರೆದಿದ್ದಲ್ಲ… ನೀನೇ ಹಾಕದೆ ಹೋದೆ ಅಂತ ಅಪ್ಪ ಅಂದ್ರೆ, ಅಪ್ಪಂಗೇನು ಗೊತ್ತು? ನೀನು ಬೆಳಿಗ್ಗೆ ಡ್ರೋನ್ ಎತ್ಕೊಂಡು ಹೋದ ಮೇಲೆ ಚಿಲಕ ಹಾಕಿದವಳು ನಾನು. ತೆಗೆದವಳೂ ನಾನೇ.

… ಹೌದು. ನಾನೇ.

… ದಿನಾ ಕೇಳ್ತಾರಲ್ಲ, ಮನೆಗೆ ಹೋಗಬೇಕು, ಮನೆಗೆ ಹೋಗಬೇಕು ಅಂತ. ದಿನಾ ನಾನು ಇದೇ ಮನೆ ಅತ್ತೆ, ಇಗೋ ನಿಮ್ಮ ಮಂಚ, ಇಗೋ ನಿಮ್ಮ ಕನ್ನಡಕ ಅಂತ ತೋರಿಸ್ತೀನಿ. ಇವತ್ತು ಹಾಲು ಉಕ್ಕಿ ಒಲೆ ತುಂಬ ಹರಿದಿತ್ತು. ಅಜ್ಜಿ ಹಿಂದೆ ನಿಂತು ತೋಳು ಎಳೀತಿದ್ರು. ಹತ್ತು ಸಲ ಹೇಳಿದೆ. ಹನ್ನೊಂದನೇ ಸಲ, ಹೋಗಿ, ನಿಮ್ಮ ಮನೆ ಎಲ್ಲಿದೆಯೋ ಅಲ್ಲಿಗೇ ಹೋಗಿ ಅಂತ ಚಿಲಕ ತೆಗೆದುಬಿಟ್ಟೆ. ಹೋಗ್ತಾರೆ ಅಂದ್ಕೊಳ್ಳಲಿಲ್ಲ. ಹೊಸ್ತಿಲಲ್ಲಿ ನಿಂತು ವಾಪಸ್ ಬರ್ತಾರೆ ಅಂದ್ಕೊಂಡೆ. ಒಲೆ ಒರೆಸಿ ತಿರುಗೋಷ್ಟರಲ್ಲಿ…

… ಬೆಳಿಗ್ಗೆಯಿಂದ ಬಾಯಿ ಬಿಡಲಿಲ್ಲ ನಾನು. ಅಪ್ಪ ನಿನ್ನ ಬೈತಿದ್ರೆ ಒಳಗೆ ನಿಂತು ಕೇಳಿಸ್ಕೊಂಡೆ. ಬೈಯೋದಿದ್ರೆ ಆಮೇಲೆ ಬೈಯಿ, ಜೀವಮಾನ ಇದೆ. ಈಗ ಮೂಗು ಒರೆಸ್ಕೋ. ನಿನ್ನ ತಪ್ಪಲ್ಲ ಅಂತ ಗೊತ್ತಾಯ್ತಲ್ಲ, ಇನ್ನು ಕೈ ನಿಲ್ಲುತ್ತೆ.

… ಅಣ್ಣಂಗೆ ಕೇಳಿಸ್ತಾ? ಕೇಳಿಸಲಿ ಬಿಡು. ಪಾಪ, ಅಷ್ಟೊತ್ತಿಂದ ಫೋನ್ ಹಿಡ್ಕೊಂಡು ಕಂಬದ ಹಾಗೆ ನಿಂತಿದಾರೆ.

… ಅದೇನದು ಕೂಗ್ತಿರೋದು?… ಬ್ಯಾಟರಿ ಮುಗೀತಾ ಬಂತಾ. ತಾನೇ ತಿರುಗಿತಾ? ನೀನೇನೂ ಒತ್ತಲಿಲ್ವಾ?… ಮನೆಗೆ ಹೋಗ್ತಿದೀನಿ ಅಂತ ಪರದೆ ಮೇಲೆ ಬಂತಾ? ಯಾವ ಮನೆಗೆ, ನಮ್ಮ ತಾರಸಿಗಾ?… ಆ ಪುಟ ಓದಿದ್ದೆ, ಸರಿಯಾಗಿ ಅರ್ಥ ಆಗಿರಲಿಲ್ಲ. ಹೊರಟ ಜಾಗಕ್ಕಾ? ನಾವು ಅದನ್ನ ಎಲ್ಲಿಟ್ಕೊಂಡಿದೀವೋ ಅದಲ್ಲ ಅದರ ಮನೆ, ಎಲ್ಲಿಂದ ಎದ್ದಿತೋ ಅದು. ಅಲ್ವಾ?

… ಏನಿಲ್ಲ. ಇನ್ನೊಂದು ಸಲ ಹೇಳು.

… ಪುಟ್ಟೀ, ಇರು, ಇಡಬೇಡ. ಅಡುಗೆಮನೆಗೆ ಹೋಗ್ತಿದೀನಿ… ಮೇಲಿನ ಹಲಗೆ… ಇಲ್ಲ. ಡಬ್ಬಿ ಇಲ್ಲ. ಅಜ್ಜಿಯ ಊಟದ ಡಬ್ಬಿ ಕಣೇ, ಮೂರು ಅಂತಸ್ತಿನ ಸ್ಟೀಲಿಂದು, ನೂಲಿನ ಗಿರಣಿಗೆ ಒಯ್ತಿದ್ದದ್ದು. ಎರಡೆರಡು ಸಲ ಪಾತ್ರೆ ತೊಳೆದೆ, ಅದು ಮಾತ್ರ ಕೈಗೆ ಸಿಗಲಿಲ್ಲ ಅಂತ ಹೊಳೀಲೇ ಇಲ್ಲ ನೋಡು. ಏನು ಬುದ್ಧಿ ನಂದು.

… ಖಾಲಿ. ಅದರಲ್ಲಿ ಏನೂ ಇರಲಿಲ್ಲ. ಖಾಲಿ ಡಬ್ಬಿ ಹಿಡ್ಕೊಂಡು ಎಲ್ಲಿಗೆ ಹೋಗ್ತಾರೆ ಹೇಳು? ಕೆಲಸಕ್ಕೆ ಹೋಗೋವಾಗ ತುಂಬಿರುತ್ತೆ. ಪಾಳಿ ಮುಗಿಸಿ ಮನೆಗೆ ಹೋಗೋವಾಗ ಖಾಲಿ.

… ಹೌದು ಕಣೇ, ಗಿರಣಿ ಹಿಂದಿನ ಸಾಲುಮನೆ. ಅಜ್ಜಿ ಮದುವೆಯಾಗಿ ಬಂದಿಳಿದದ್ದು ಅಲ್ಲಿಗೆ, ನಿಮ್ಮಪ್ಪ ಹುಟ್ಟಿದ್ದೂ ಅಲ್ಲೇ… ಕೆಡವಿ ಇಪ್ಪತ್ತು ವರ್ಷ ಆಯ್ತು, ಗೊತ್ತು ನನಗೆ. ಅವರಿಗೆ ಗೊತ್ತಿಲ್ವಲ್ಲ. ಕಾಲುವೆ ಆಚೆ ಚಿಮಣಿ ಕಾಣ್ತಿದೆಯಾ ನಿನಗೆ? ಅದರ ಹಿಂದೆ. ನಿಮ್ಮಪ್ಪ ಮಧ್ಯಾಹ್ನ ಆ ರಸ್ತೇಲಿ ಹೋಗಿ ನೋಡಿದ್ರಂತೆ, ಆಳೆತ್ತರದ ಹುಲ್ಲು, ಒಳಗೆ ಆನೆ ನಿಂತ್ರೂ ಕಾಣಲ್ಲ ಅಂದ್ರು. ರಸ್ತೆಯಿಂದ ಕಾಣಲ್ಲ. ಮೇಲಿಂದ ಕಾಣುತ್ತಲ್ಲ?

… ಇಳೀತಾ? ರೆಕ್ಕೆ ನಿಲ್ಲೋವರೆಗೆ ಕೈ ಹಾಕಬೇಡ. ಈಗ ಬೇರೆ ಬ್ಯಾಟರಿ ಹಾಕು… ಒಂದೇ ಇದೆಯಾ? ಮೂರನೇದು?… ಖಾಲಿನಾ. ಅದೂ ನಾನೇ. ಮಿಕ್ಸರ್ ಹಾಕೋಕೆ ಚಾರ್ಜರ್ ಕಿತ್ತು ಪಕ್ಕಕ್ಕಿಟ್ಟೆ, ಮತ್ತೆ ಚುಚ್ಚೋಕೆ ಮರೆತೆ. ಮೂರು ಬ್ಯಾಟರಿ ಬೇಕೇ ಬೇಕು ಅಂತ ಅಂಗಡೀಲಿ ಜಗಳ ಆಡಿದವಳು… ಎಷ್ಟು ಹೊತ್ತು ಬರುತ್ತೆ ಒಂದರಲ್ಲಿ?… ಈ ಗಾಳೀಲಿ ಇಪ್ಪತ್ತು ನಿಮಿಷವೂ ಇಲ್ವಾ. ಸಾಕು. ಸಾಕು ಅಂದ್ಕೋ.

… ಇನ್ನೂ ಏಳಿಸಬೇಡ. ಮನೆ ಗುರುತಾಯ್ತು ಅಂತ ಅದು ಹೇಳಬೇಕು, ಅಲ್ಲಿವರೆಗೆ ಕಾಯಿ. ಆತುರಗಾರನಿಗೆ ಬುದ್ಧಿ ಮಟ್ಟ… ಕಾಯಿ ಪುಟ್ಟಿ. ನಾನೂ ಕಾಯ್ತಿದೀನಲ್ಲ… ಹೇಳ್ತಾ? ಏಳಿಸು.

… ಕಾಲುವೆ ದಾಟ್ತಾ? ಚಿಮಣಿಯಿಂದ ದೂರ ಇರು, ಅದನ್ನ ಎಡಕ್ಕೆ ಬಿಟ್ಟು ಹೋಗು… ಹಿಂದೆ ಏನಿದೆ?… ಬರೀ ಹುಲ್ಲಾ. ಇನ್ನೂ ಸ್ವಲ್ಪ ಮೇಲೇರಿಸಿ ಕ್ಯಾಮೆರಾ ನೇರ ಕೆಳಗೆ ಮಾಡು…

… ಗೆರೆನಾ? ಎಂಥ ಗೆರೆ?… ಚೌಕ ಚೌಕವಾಗಿ. ಅಡಿಪಾಯ ಕಣೇ ಅದು. ಕಚೇರೀಲಿ ದಿನಾ ನಕ್ಷೆ ಬರೆಯೋಳು ನೀನು, ನಾನು ಹೇಳಬೇಕಾ? ಗೋಡೆ ಕೆಡವಿದಾರೆ, ಬುಡ ಹಾಗೇ ಬಿಟ್ಟಿದಾರೆ. ಇಳಿಬಿಸಿಲಿಗೆ ನೆರಳು ಬಿದ್ದು ಕಾಣ್ತಿರಬೇಕು. ಎಷ್ಟು ಸಾಲಿದೆ?… ಎರಡು. ಕಾಲುವೆ ಕಡೆ ಸಾಲು ನೋಡು. ತುದೀಲಿ ನಲ್ಲಿಕಟ್ಟೆ ಇತ್ತು ಅಂತ ಅಜ್ಜಿ ಹೇಳ್ತಿದ್ರು, ದುಂಡಗೆ ಏನಾದ್ರೂ ಇದೆಯಾ?… ಇದೆಯಾ. ಅಲ್ಲಿಂದ ಮೂರನೇ ಮನೆ. ನೀರಿಗೆ ಹತ್ತಿರ, ಜಗಳಕ್ಕೂ ಹತ್ತಿರ ಅಂತ ನಗ್ತಿದ್ರು. ಎಣಿಸು. ಒಂದು… ಎರಡು…

… ಹೊಳೀತಿದೆಯಾ? ಏನು ಹೊಳೀತಿದೆ?… ಹತ್ತಿರ ಹೋಗು. ಅವರ ಮೇಲೆ ಗಾಳಿ ಬಡಿಯೋಷ್ಟು ಬೇಡ.

… ಸ್ವೆಟರಾ. ಕೂತಿದಾರಾ, ಮಲಗಿದಾರಾ?… ಗೊತ್ತಾಗ್ತಿಲ್ಲ ಅಂದ್ರೆ ಹೇಗೆ? ಅಲ್ಲಾಡ್ತಿದಾರಾ?… ಪುಟ್ಟೀ?… ಸರಿ. ನೋಡ್ತಾ ಇರು.

…

… ಕೈ ಎತ್ತಿದ್ರಾ? ಹೇಗೆ ಎತ್ತಿದ್ರು?… ಕಾಗೆ ಓಡಿಸೋ ಥರ. ಬಾಯಿ ಆಡ್ತಿದೆಯಾ? ಹಾಗಾದ್ರೆ ಬೈತಿದಾರೆ. ಬೈಲಿ. ಬೈಲಿ ಕಣೇ, ಎಷ್ಟು ಬೇಕಾದ್ರೂ ಬೈಲಿ.

… ಅಣ್ಣಾ, ಆಚೆ ದಡಕ್ಕೆ ಹೋಗೋಕೆ ಏನಿದೆ?… ಕಾಲುಸೇತುವೆ. ನೀವು ಹೋಗ್ತೀರಾ? ಸೈಕಲ್ ಇದೆಯಾ? ನಿಮ್ಮ ಉಪಕಾರ ಹೇಗೆ ತೀರಿಸಲಿ ಅಣ್ಣಾ… ಫೋನು ನಿಮ್ಮ ಜೊತೆಗೇ ಇರಲಿ. ಗಿರಣಿ ಗೋಡೆ ಹತ್ತಿರ ಸಿಗ್ನಲ್ ಹೋಗುತ್ತಾ? ಸಿಕ್ಕಷ್ಟು ಸಿಗಲಿ.

… ಪುಟ್ಟೀ, ನೀನು ಕದಲಬೇಡ. ಅದನ್ನ ಅಜ್ಜಿಯ ಪಕ್ಕಕ್ಕೆ, ಎತ್ತರದಲ್ಲಿ ನಿಲ್ಲಿಸಿಕೋ. ಆ ಹುಲ್ಲೊಳಗೆ ಈ ಅಣ್ಣಂಗೆ ಅದೇ ಗುರುತು. ಮನೆಗೆ ಹೋಗ್ತೀನಿ ಅಂತ ಅದು ಹಠ ಮಾಡಿದ್ರೆ ಬೇಡ ಅಂತ ಒತ್ತು. ಕೊನೆಗೆ ಯಾವುದಾದ್ರೂ ಹುಲ್ಲಲ್ಲಿ ಬಿದ್ರೂ ಬೀಳಲಿ, ಡ್ರೋನು ತಾನೇ.

… ಅಣ್ಣಾ, ಏದುಸಿರು ಕೇಳಿಸ್ತಿದೆ. ಮಾತಾಡಬೇಡಿ, ತುಳೀರಿ. ನಾನೂ ಚಪ್ಪಲಿ ಮೆಟ್ಟಿದೆ…

… ತಲೆ ಎತ್ತಿ ನೋಡಿ, ದೀಪ ಮಿಣುಕ್ತಿರುತ್ತೆ. ಕಂಡಿತಾ? ಅದರ ಕೆಳಗೆ…

… ಸಿಕ್ಕಿದ್ರಾ? ಹೇಗಿದಾರೆ?… ಯಾವ ಕಾಲು? ಊದಿದೆಯಾ? ಎತ್ತಿ ನಿಲ್ಲಿಸಬೇಡಿ. ನೀರಿದ್ರೆ ಕೊಡಿ, ಒಂದೊಂದೇ ಗುಟುಕು… ಬರಲ್ಲ ಅಂತಾರಾ?… ಮನೆ ಬಿಟ್ಟು ಎಲ್ಲಿಗೂ ಬರಲ್ಲ ಅಂತಾರಾ.

… ಫೋನು ಅವರ ಕಿವಿಗೆ ಹಿಡೀರಿ. ಬಲಗಿವಿಗೆ. ಎಡಗಿವಿ ಗಿರಣಿ ಸದ್ದಿಗೇ ಹೋಯ್ತು.

… ಅತ್ತೆ.

… ನಾನು ಅತ್ತೆ… ಯಾರು ಅಂದ್ರೆ… ನಾನೇ. ನಿಮ್ಮ… ಇರಲಿ ಬಿಡಿ, ಯಾರಾದ್ರೇನು. ನಿಮಗೆ ಬೇಕಾದವಳೇ.

… ಮುಗೀತಾ ಪಾಳಿ? ಸುಸ್ತಾಯ್ತಾ?… ಮನೆಯ ಮಾಡು ಹಾರಿಹೋಗಿದೆಯಾ. ಸರಿ ಮಾಡಿಸೋಣ… ತಲೆ ಮೇಲೆ ಗುಂಯ್ ಅಂತಿದೆಯಾ? ಅದು ನಿಮ್ಮ ಮೊಮ್ಮಗಳು. ಏನೂ ಮಾಡಲ್ಲ, ನಿಮಗೆ ಕಾವಲು ನಿಂತಿದೆ. ಕಲ್ಲು ಹೊಡೀಬೇಡಿ ಮತ್ತೆ.

… ಇಲ್ಲ ಅತ್ತೆ, ಕರಕೊಂಡು ಹೋಗೋಕೆ ಬರ್ತಿಲ್ಲ. ನಿಮ್ಮ ಮನೆಗೇ ಬರ್ತಿದೀನಿ. ಇಷ್ಟು ವರ್ಷ ಆಯ್ತು, ನಾನು ನೋಡೇ ಇಲ್ಲ ನಿಮ್ಮ ಮನೆ. ಕೂರೋಕೆ ಜಾಗ ಇದೆಯಾ?… ಕಿಟಕಿ ಪಕ್ಕ. ಆಗಲಿ. ಟೀಗೆ ಇಡ್ತೀರಾ? ಇಡಿ, ಕುಡೀತೀನಿ… ಹೊರಟೆ ಅತ್ತೆ, ಬೀದಿ ಕೊನೆಗೆ ಬಂದೆ.

… ಬಾಗಿಲು ಹಾಕ್ಕೊಂಡಿದೀರಾ?… ಅದು ಮಾತ್ರ ಬೇಡ. ಬೆಳಿಗ್ಗೆ ನಾನು ನಿಮಗೆ… ಅತ್ತೆ? ಕೇಳಿಸ್ತಿದೆಯಾ? ಚಿಲಕ ತೆಗೆದೇ ಇಟ್ಟಿರಿ. ಯಾರು ಬಂದು ಹೋಗಿ ಅಂದ್ರೂ ನೀವು ಹೋಗಬೇಡಿ, ನಾನು ಬರೋವರೆಗೆ ಅಲ್ಲೇ… ಅತ್ತೆ… ಹಲೋ…