ಹೊಸ್ತಿಲಲ್ಲಿ ನಿಂತವನ ಒಡಪು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಅವನಿಗೆ ಅರವತ್ತು ತುಂಬಿತು, ಮಕ್ಕಳು ಅಪ್ಪ ಅವ್ವನಿಗೆ ಮತ್ತೆ ಮದುವೆ ಮಾಡಿಸಿದರು. ಮದುವೆ ಅಂದಮೇಲೆ ಒಡಪು ಬೇಕಲ್ಲ? ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಪದ ಕಟ್ಟಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ.

ಈಗ ಆ ಹೆಂಡತಿಯ ಮನಸ್ಸು ನೋಡಿ. ಮೊದಲ ಮದುವೆಯಲ್ಲಿ ಗಂಡ ನಾಚಿಕೊಂಡು ಬಾಯಿಯೇ ಬಿಟ್ಟಿರಲಿಲ್ಲ. ಅವನ ಅಕ್ಕನೇ ಒಡಪು ಹೇಳಿ ಅವನನ್ನು ಒಳಗೆ ತಳ್ಳಿದ್ದಳು. ಆಮೇಲೆ ಮೂವತ್ತೆಂಟು ವರ್ಷ, "ಏ, ಇಲ್ಲಿ ಬಾ" ಅನ್ನುವುದು ಬಿಟ್ಟರೆ ಆಕೆಗೆ ಬೇರೆ ಹೆಸರಿಲ್ಲ. ಇವತ್ತಾದರೂ ನನ್ನ ಬಗ್ಗೆ ಒಂದು ಮಾತು ಆಡುತ್ತಾನೆ ಎಂದು ಆಸೆಪಟ್ಟಿದ್ದಳು. ತಪ್ಪೇ?

ಆಕೆ ಮೊದಲು ಹೇಳಿದಳು. ಕನ್ನಡಕ ಹಣೆಗೇರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುವ ರಾಯರು ಎಂದು ಗಂಡನ ಹೆಸರು ಸೇರಿಸಿದಳು. ಪ್ರಾಸ ಕೂಡಲಿಲ್ಲ. ಎಲ್ಲರೂ ನಕ್ಕು ಆಕೆಯನ್ನು ಒಳಗೆ ಬಿಟ್ಟರು.

ಶ್ರೀಮಂತ ಗಂಟಲು ಸರಿಮಾಡಿಕೊಂಡ. ಬಂತು ನೋಡಿ ಪದ. ಚಂದ್ರ ಬಂದ, ಮುತ್ತು ಬಂತು, ಮಲ್ಲಿಗೆ ಬಂತು, ಕೊನೆಗೆ ಆಕೆಯ ಹೆಸರೂ ಬಂತು. ಸೊಗಸಾಗಿತ್ತು, ಸುಳ್ಳು ಯಾಕೆ ಹೇಳಲಿ? ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡು ನೋಡಿದರೆ, ಅವನ ಶಾಲಿನ ಮರೆಯಲ್ಲಿ ಫೋನು.

"ಇದು ನೀವು ಕಟ್ಟಿದ್ದೇನ್ರಿ?"

"ನನಗೆಲ್ಲಿ ಬರ್ತೈತಿ? ಮಷೀನಿಗೆ ನಿನ್ನ ಹೆಸರು ಹೇಳಿದೆ, ಚಿಟಿಕಿ ಹೊಡಿಯೂದ್ರಾಗ ಬರದು ಕೊಡ್ತು. ಚಲೋ ಐತೆಲ್ಲ?"

"ನನ್ನ ಬಗ್ಗೆ ಅದಕ್ಕ ಮತ್ತೇನು ಹೇಳಿದ್ರಿ?"

"ಹೆಸರು ಹೇಳೇನೆಲ್ಲ, ಮತ್ತೇನು ಹೇಳಬೇಕಿತ್ತು?"

"ಭಾಳ ಚಲೋ ಐತ್ರಿ. ಹಂಗಾರ ಅದನ್ನ ಒಳಗ ಕಳಸ್ರಿ. ನೀವು ಅಲ್ಲೇ ನಿಂದರ್ರಿ."

ಹೆಂಗಸರು ಕೈ ತೆಗೆದಿದ್ದರು. ಈಗ ಆಕೆಯೇ ಬಾಗಿಲಿಗೆ ಅಡ್ಡ ಕೈ ಇಟ್ಟಳು.

ಯಂತ್ರದ ತಪ್ಪೇನು? ಕೇಳಿದ್ದನ್ನು ಬರೆಯಿತು. ಅಷ್ಟು ಚೆನ್ನಾಗಿ ನನಗೂ ಬರುವುದಿಲ್ಲ, ಹೊಟ್ಟೆಕಿಚ್ಚೂ ಆಗುತ್ತದೆ. ಆದರೆ ನಿಮಗೇನಾಗಿದೆ? ಈ ಸಭೆಯಲ್ಲಿ ಕೂತ ನಿಮ್ಮನ್ನೇ ಕೇಳುತ್ತಿದ್ದೇನೆ, ನಗಬೇಡಿ. ತೀರಿಕೊಂಡ ಗೆಳೆಯನ ಮೇಲೆ ನಾಲ್ಕು ಸಾಲು, ಅದೂ ಮಷೀನು. ಮಗಳನ್ನು ಹರಸುವ ಪತ್ರ, ಅದೂ ಮಷೀನು. ಮೊನ್ನೆ ಇದೇ ಸಭೆಯಲ್ಲಿ ಒಬ್ಬರು ಗುರುಗಳ ಮೇಲೆ ಪದ್ಯ ಓದಿದರು, ಅದೂ ಅದೇ. ಜೊತೆಗೆ ಬಾಳಿದವರು ನೀವು, ಕಣ್ಣಾರೆ ಕಂಡವರು ನೀವು, ಹೇಳುವುದಕ್ಕೆ ಮಾತ್ರ ಇನ್ನೊಬ್ಬರು ಬೇಕೇ? ನಾಚಿಕೆ ಆಗಬೇಡವೇ?

ಇವತ್ತು ಮನೆಗೆ ಹೋಗಿ ಫೋನು ಒಳಗಿಡಿ. ನಿಮ್ಮವರ ಬಗ್ಗೆ ನೀವೇ ಕಂಡ ಒಂದು ಮಾತನ್ನು ಅವರ ಎದುರಿಗೇ ಹೇಳಿ. ಪ್ರಾಸ ತಪ್ಪಲಿ, ನಾಲಿಗೆ ತೊದಲಲಿ, ಪರವಾಗಿಲ್ಲ. ಹೇಳುವುದಕ್ಕೆ ಏನೂ ಹೊಳೆಯಲಿಲ್ಲವೇ? ಹಾಗಾದರೆ ತಟ್ಟೆಗೆ ಕೈ ಹಾಕುವ ಮೊದಲು, ಬಡಿಸುವವರ ಮುಖವನ್ನು ಒಮ್ಮೆ ನೋಡಿ. ಎಷ್ಟೋ ವರ್ಷದಿಂದ ನೋಡಿಲ್ಲ ನೀವು.