ಕೇಳ್ಸಲ್ಲ

ನಂಬಬೇಡಿ ಭಾವ. ಬೇಕಾದ್ರೆ ಈಗಲೇ ಎದ್ದು ಬನ್ನಿ, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಬೋರ್ ಲಾರಿ ಪಕ್ಕ ನಿಲ್ಲಿಸಿ. ಕಂಪ್ರೆಸರ್ ಎಷ್ಟಾದ್ರೂ ಅರಚ್ಕೊಳ್ಳಲಿ. ಮುನ್ನೂರು ಅಡಿ ಕೆಳಗೆ ಕಲ್ಲು ಮುಗಿದು ಸಂದು ಸಿಕ್ತು ಅನ್ನೋದು ಸದ್ದಲ್ಲೇ ಹೇಳ್ತೀನಿ. ಹತ್ತು ಎಣಿಸೋಷ್ಟರಲ್ಲಿ ನೀರು ಚಿಮ್ಮದಿದ್ರೆ ಮೀಸೆ ಬೋಳಿಸಿ. ಈ ದೇಶದ ಇಂಜಿನಿಯರುಗಳು ಮಿಷನ್ ಹಿಡ್ಕೊಂಡು ಹೊಲವೆಲ್ಲ ಸುತ್ತಿ ಸುತ್ತಿ, ಕೊನೆಗೆ ಯಾರನ್ನ ಕರೀತಾರೆ? ನನ್ನನ್ನ. ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದ ಹಳ್ಳಿ ಗಮಾರನ್ನ. ಇಂಥ ಕಿವಿ ಇನ್ನೊಂದು ತೋರಿಸಿ ನೋಡೋಣ.

ಯಾಕೆ ನಗ್ತೀರಿ?... ಓ, ನಗು ಅಲ್ವಾ ಅದು. ಸರಿ.

ಕೂತ್ಕೊಳ್ಳಿ, ಟ್ಯಾಕ್ಸಿ ನಾಲ್ಕು ಗಂಟೆಗೆ ತಾನೇ? ನಿಮ್ಮ ತಂಗಿ ಒಳಗೆ ಸೂಟ್‌ಕೇಸ್ ತುಂಬ್ತಿದಾಳೆ. ಮಗುವಿನ ಬಟ್ಟೆ, ಬೊಂಬೆ, ಹಾಲು ಕುಡಿಯೋ ಲೋಟ, ಎಲ್ಲಾ ಒಳಗೆ ಹೋಯ್ತು. ನಾನೇನು ಹೇಳಿದ್ರೂ ತಿರುಗಿ ನೋಡಲ್ಲ. ಅಣ್ಣ ಹೇಳಿದ್ರೆ ಕೇಳ್ತಾಳೆ. ‘ಬಿಚ್ಚೇ ಸೂಟ್‌ಕೇಸು’ ಅಂತ ಒಂದು ಮಾತು ಹಾಕಿ. ಅವಳು ಬೇಕಾದ್ರೆ ನಾಲ್ಕು ದಿನ ತವರಲ್ಲಿದ್ದು ಬರಲಿ. ಮಗಳನ್ನ ಮಾತ್ರ ಒಯ್ಯಬೇಡಿ. ಅಷ್ಟೇ ನಾನು ಕೇಳ್ತಿರೋದು.

ಮೊದಲ ತಪ್ಪು ಯಾರದ್ದು ಹೇಳಲಾ? ನಿಮ್ಮದು. ಹೌದು, ನಿಮ್ಮದೇ. ಅವತ್ತು ವಿಡಿಯೋ ಕಾಲಲ್ಲಿ ಅತ್ತೆ ‘ಊಟ ಆಯ್ತಾ ಪುಟ್ಟಿ’ ಅಂದ್ರು. ಪುಟ್ಟಿ ಇಲ್ಲಿಯ ಆಯಾಳ ಭಾಷೇಲಿ ಪಟಪಟ ಅಂತ ಏನೇನೋ ಹೇಳಿದ್ಳು. ಆಗ ನೀವೇನಂದ್ರಿ? ‘ಇದು ನಮ್ಮ ಮಗುನೇನಯ್ಯಾ, ಅಲ್ಲಿ ಯಾರದ್ದನ್ನಾದ್ರೂ ಎತ್ಕೊಂಡು ಬಂದ್ಯಾ?’ ಮನೆಮಂದಿಯೆಲ್ಲ ಹೊಟ್ಟೆ ಹಿಡ್ಕೊಂಡು ನಕ್ರಿ. ತಮಾಷೆಗೇ ಅಂದಿದ್ದು, ಗೊತ್ತು. ಆದ್ರೆ ನನಗೆ ಅದು ಚುಚ್ತು ಭಾವ.

ಅವಳ ಬಾಯಿಗೆ ಆ ಭಾಷೆ ಹೇಗೆ ಬಂತು? ನಿಮ್ಮ ತಂಗಿ ಬೆಳಗ್ಗೆ ಸ್ಕೂಲಿಗೆ ಪಾಠ ಮಾಡೋಕೆ ಹೋದ್ರೆ ಸಂಜೆ ವಾಪಸ್ಸು. ನಾನು ಲಾರಿ ಮೇಲೆ. ಮಗು ಮೂರು ವರ್ಷದಿಂದ ಆ ಆಯಾಳ ಸೊಂಟದ ಮೇಲೇ. ಆ ದಢೂತಿನ ನೋಡಿದೀರಲ್ಲ, ನಡೆದ್ರೆ ಅಡುಗೆಮನೆ ಡಬ್ಬಗಳೆಲ್ಲ ಅಲುಗಾಡ್ತವೆ. ಅವಳು ಹಾಡಿದ್ದೇ ಹಾಡು, ಅವಳು ಆಡಿದ್ದೇ ಮಾತು.

ಅತ್ತೆ ಕಣ್ಣಿನ ಆಪರೇಷನ್ನಿಗೆ ಅಂತ ನಿಮ್ಮ ತಂಗಿ ಹೊರಟ್ಳಲ್ಲ, ಆಗಲೇ ಹೇಳಿದೆ: ‘ಮಗು ನನ್ನ ಹತ್ರ ಇರಲಿ. ಹತ್ತು ದಿನ ಕೊಡು, ನೀನು ಬರೋಷ್ಟರಲ್ಲಿ ಅಚ್ಚ ಕನ್ನಡದವಳನ್ನ ಮಾಡಿ ನಿಲ್ಲಿಸ್ತೀನಿ.’ ಅವಳು ವಿಮಾನ ಹತ್ತಿದ ದಿನವೇ ಆಯಾಗೆ ರಜೆ ಕೊಟ್ಟು ಕಳಿಸಿದೆ. ಬಾಗಿಲಲ್ಲಿ ಕಣ್ಣೀರು ಹಾಕಿದ್ಳು ಆ ಹೆಂಗಸು. ಕದ ಹಾಕ್ಕೊಂಡೆ.

ಆಟ ಸುಲಭ. ಪುಟ್ಟಿ ಇಲ್ಲಿಯ ಮಾತಾಡಿದ್ರೆ ನಾನು ಎರಡೂ ಕಿವಿಗೆ ಬೆರಳಿಟ್ಕೊಂಡು ‘ಕೇಳ್ಸಲ್ಲ’ ಅನ್ನೋದು. ಕನ್ನಡದಲ್ಲಿ ಕೇಳಿದ್ರೆ ಕೊಡೋದು, ಇಲ್ದಿದ್ರೆ ಇಲ್ಲ. ಮೊದಲ ದಿನ ನೀರಿಗೆ ಲೋಟ ತೋರಿಸಿ ತೋರಿಸಿ ಅತ್ತಳು. ಕೇಳ್ಸಲ್ಲ. ಒಂದು ಗಂಟೆ ಅತ್ತಳು. ಕೇಳ್ಸಲ್ಲ. ಆಮೇಲೆ ಬಂತು ನೋಡಿ ಬಾಯಿಂದ, ‘ನೀಯು’. ನೀಯು, ಭಾವ! ಎತ್ತಿ ಮೂರು ಸುತ್ತು ತಿರುಗಿಸಿದೆ ಮಗಳನ್ನ.

ಹಾಗ್ಯಾಕೆ ನೋಡ್ತೀರಿ? ನೀರು ಕೊಟ್ಟೆ ರೀ. ಚೊಂಬು ತುಂಬಾ ಕೊಟ್ಟೆ.

ಮೂರು ದಿನಕ್ಕೆ ಆರು ಮಾತು ಕಲಿತಳು. ನೀಯು, ಹಾಲು, ಅಪ್ಪ, ಬಾ, ಬೇಡ. ಆರನೇದು ನಾನು ಕಲಿಸಿದ್ದಲ್ಲ, ತಾನೇ ಹಿಡ್ಕೊಂಡಿದ್ದು. ಕೇಳ್ಸಲ್ಲ. ನೀರು ಚೆಲ್ಲಿ ಹೋದ್ರೂ ಕೇಳ್ಸಲ್ಲ, ಬೊಂಬೆ ಮೂಲೆಗೆ ಬಿದ್ರೂ ಕೇಳ್ಸಲ್ಲ. ಬುದ್ಧಿ ಯಾರದ್ದು? ನನ್ನದು.

ನಾಲ್ಕನೇ ದಿನದಿಂದ ಹಟ ಶುರುವಾಯ್ತು. ಎರಡಕ್ಷರದ ಒಂದು ಮಾತು, ಆಯಾಳ ಭಾಷೇದು, ಅದನ್ನೇ ಅಂದು ಅಂದು ಅಳೋದು. ತಲೆ ಒಂದು ಕಡೆ ವಾಲಿಸ್ಕೊಂಡು, ಗೋಡೆಗೆ ಒರಗಿ. ಆ ಭಾಷೇಲಿ ನನಗೆ ಡೀಸೆಲ್ ಗೊತ್ತು, ‘ಬೇಗ ಬೇಗ’ ಗೊತ್ತು, ಕಳ್ಳ ಅನ್ನೋದು ಗೊತ್ತು. ಅದೊಂದು ಗೊತ್ತಿರಲಿಲ್ಲ. ನಾನು ಏನು ಮಾಡ್ಲಿ? ಆಟದ ಪ್ರಕಾರ ಬೆರಳಿಟ್ಕೊಂಡೆ. ಮೂರು ದಿನ ಇಟ್ಕೊಂಡೆ.

‘ನೋವು’ ಅಂತೆ. ಆಯಾ ಆಮೇಲೆ ಹೇಳಿದ್ಳು.

ಏಳನೇ ದಿನ ಅವಳನ್ನ ಸೈಟಿಗೆ ಕರ್ಕೊಂಡು ಹೋದೆ. ನಮ್ಮ ಕಡೆಯ ಕೆಲಸದವರು ಐದು ಜನ ಇದ್ರು. ‘ನನ್ನ ಮಗಳ ಕನ್ನಡ ಕೇಳ್ರೋ’ ಅಂತ ಎಲ್ಲರನ್ನೂ ನಿಲ್ಲಿಸಿದೆ. ಕಂಪ್ರೆಸರ್ ಆಫ್ ಮಾಡಿಸಿದೆ, ಅವಳಿಗೋಸ್ಕರ. ‘ಪುಟ್ಟಿ, ಬಾ’ ಅಂದೆ. ತಿರುಗಲಿಲ್ಲ. ಮೂರು ಸಲ ಕರೆದೆ, ತಿರುಗಲಿಲ್ಲ. ಎದುರಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕರೆದೆ. ಆಗ ನನ್ನ ಮುಖ ನೋಡಿದ್ಳು. ಕಿವಿ ಮುಚ್ಕೊಂಡು ಅಂದ್ಳು, ‘ಅಪ್ಪ, ಕೇಳ್ಸಲ್ಲ.’

ನಮ್ಮವರು ಬಿದ್ದು ಬಿದ್ದು ನಕ್ರು. ಡ್ರೈವರ್ ಅಂತೂ, ‘ಅಣ್ಣಾ, ನಿನ್ನ ಪಾಠ ನಿನಗೇ ಒಪ್ಪಿಸ್ತಲ್ಲೋ’ ಅಂದ.

ಆಮೇಲೆ? ಆಮೇಲೆ ಏನಿದೆ... ಲಾರಿ ಮೆಟ್ಟಿಲಿಂದ ಜಾರಿ ಬಿದ್ಳು. ನಿಮ್ಮ ತಂಗಿಗೆ ಫೋನಲ್ಲಿ ಹೇಳಿದ್ದೂ ಅದೇ. ಕಿವಿಯಿಂದ ರಕ್ತ ಬಂತು, ಎತ್ಕೊಂಡು ಡಾಕ್ಟರ ಹತ್ರ ಓಡಿದೆ. ಒಳಗೆ ಮೊದಲೇ ಕೀವು ತುಂಬಿತ್ತಂತೆ, ಅದರ ಮೇಲೆ ಪೆಟ್ಟು, ಕಿವಿತಮಟೆ ಹರಿದಿದೆ, ಆ ಕಿವಿ ಇನ್ನು ಕೇಳೋದು ಕಷ್ಟ ಅಂದ್ರು. ಆ ಡಾಕ್ಟರಿಗೇನು ಗೊತ್ತು. ಈಗ ಹತ್ತಿ ಇಟ್ಕೊಂಡು ಓಡಾಡ್ತಿದಾಳೆ, ಹುಷಾರಾಗ್ತಾಳೆ. ನೀವು ಅಣ್ಣ ತಂಗಿ ಗಾಬರಿಯಾಗಿ ಮೊನ್ನೆ ಬಂದಿಳಿದಿದ್ದು ಅನಾವಶ್ಯಕ.

ಯಾವ ಕಿವಿ ಅಂತ ಕೇಳಲ್ವಾ? ಎಡಗಿವಿ.

ಏನಾದ್ರೂ ಅನ್ನಿ ಭಾವ. ಬೈಯಿರಿ.

ನನ್ನ ಕೈ ಯಾಕೆ ನೋಡ್ತೀರಿ?

ಹೌದು, ಬಲಗೈಯವನು ನಾನು. ಅದಕ್ಕೇನೀಗ... ಎದುರಿಗೆ ನಿಂತವರಿಗೆ ಬಲಗೈ ಬೀಸಿದ್ರೆ ಬೀಳೋದು ಎಡಗಿವಿಗೇ ಅಂತ, ಅದನ್ನ ಸುಮ್ನೆ ಕೂತು ನೋಡ್ತಿದೀರಾ? ಲಾರಿ ಮೆಟ್ಟಿಲು ಅಂದೆನಲ್ಲ! ಮೆಟ್ಟಿಲು...

ಒಂದೇ ಭಾವ. ಒಂದೇ ಒಂದು. ಅವರೆಲ್ಲ ನಗ್ತಿದ್ರು. ಅಣಕಿಸ್ತಿದಾಳೆ ಅಂದ್ಕೊಂಡೆ. ಅವಳು ಕನ್ನಡದಲ್ಲೇ ಹೇಳಿದ್ಳು.

ಹಾರ್ನ್ ಆಯ್ತಾ? ಏಳಬೇಡಿ. ಇನ್ನೂ ನಾಲ್ಕಾಗಿಲ್ಲ. ಏ, ಸೂಟ್‌ಕೇಸ್ ಕೆಳಗಿಡೇ... ಭಾವ, ಹೇಳಿ ಅವಳಿಗೆ.

ಪುಟ್ಟಿ, ಬಾ. ಅಪ್ಪನ ಹತ್ರ ಬಾ. ಏನು? ಅದೇ ಭಾಷೇಲಿ ಅನ್ನು, ಪರವಾಗಿಲ್ಲ, ಆಯಾ ಭಾಷೇಲೇ ಅನ್ನು, ಅಪ್ಪ ಕೇಳಿಸ್ಕೋತಾನೆ. ನೋಡು, ಬೆರಳಿಲ್ಲ, ಎರಡೂ ಕೈ ಕೆಳಗಿದೆ... ಬೇಡ ಪುಟ್ಟಿ, ಅದನ್ನ ತೆಗೀಬಾರದು. ನನಗಾ? ನನ್ನ ಕಿವಿಗಾ?

ಹತ್ತಿ ಭಾವ. ಅವಳ ಕಿವಿಯಲ್ಲಿದ್ದ ಹತ್ತಿ ಕೊಟ್ಟಳು ನನಗೆ.